ಎಲೆಯ ಚಿತ್ರ ಬರೆಸಿದರಷ್ಟೇ ಸಾಲದು

ಶಿಕ್ಷಕ ಬಂಧುಗಳೇ, ಜೀರ್ಣಾಂಗಗಳ ಪಾಠದಲ್ಲಿ ಮೇದೋಜೀರಕ ಗ್ರಂಥಿಯನ್ನು ಜಠರದ ಕೆಳಗೆ ಎಲೆಯಂತೆ ಬರೆಸಿ, ಭಾಗ ಗುರುತಿಸಿ ಅಂತೀವಿ. ಅದು ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನೂ ಹೇಳಬೇಕು ಎಂಬುದು ನನ್ನ ಅಭಿಪ್ರಾಯ.

ಭ್ರೂಣದಲ್ಲಿ ಈ ಗ್ರಂಥಿ ಎರಡು ಮೊಗ್ಗುಗಳಾಗಿ ಹುಟ್ಟುತ್ತದೆ. ಸುಮಾರು 7ನೇ ವಾರದಲ್ಲಿ ಮುಂದಿನ ಮೊಗ್ಗು ಸಣ್ಣ ಕರುಳಿನ ಮೊದಲ ಭಾಗವನ್ನು ಬಳಸಿ ಹಿಂದಕ್ಕೆ ಹೋಗಿ ಇನ್ನೊಂದನ್ನು ಕೂಡುತ್ತದೆ. ಅಪರೂಪಕ್ಕೆ ಈ ತಿರುಗುವಿಕೆ ಸರಿಯಾಗಿ ಆಗದಿದ್ದರೆ ಗ್ರಂಥಿ ಉಂಗುರದಂತೆ ಕರುಳನ್ನು ಸುತ್ತಿಕೊಳ್ಳುತ್ತೆ. ಟೀಡೆಮನ್ 1818ರಲ್ಲೇ ಇದನ್ನು ವಿವರಿಸಿದ್ದರು.

ಕರುಳು ಮುಚ್ಚಿಹೋಗಿದ್ದರೆ ನವಜಾತ ಶಿಶುವಿನ ಎಕ್ಸ್‌ರೇಯಲ್ಲಿ ಎರಡು ಗಾಳಿಗುಳ್ಳೆ ಕಾಣುತ್ತವೆ: ಒಂದು ಜಠರದ್ದು, ಇನ್ನೊಂದು ಕರುಳಿನದ್ದು. ಗುಳ್ಳೆಗಳು ಅಡಚಣೆ ಇದೆ ಅಂತಷ್ಟೇ ಹೇಳುತ್ತವೆ, ಕಾರಣ ಹೇಳಲ್ಲ. ತೊಂದರೆಯೇ ಇಲ್ಲದೆ ಬೆಳೆದವರಲ್ಲಿ ಬೇರೆ ಯಾವುದಕ್ಕೋ ಮಾಡಿಸಿದ ಸಿ.ಟಿ., ಎಂ.ಆರ್.ಐ. ಸ್ಕ್ಯಾನಿನಲ್ಲಿ ಉಂಗುರ ಸಿಗುವುದೂ ಉಂಟು.

ಮಸಿನಗುಡಿಯಿಂದ ಊಟಿಗೆ ಹತ್ತಲು ಕಲ್ಹಟ್ಟಿ ಘಾಟಿಯಲ್ಲೇ 36 ಹೇರ್‌ಪಿನ್ ತಿರುವುಗಳಿವೆ. ಹಸುಗೂಸು ಮತ್ತೆ ಮತ್ತೆ ವಾಂತಿ ಮಾಡಿದರೆ, ಅದರಲ್ಲೂ ಹಸಿರು ವಾಂತಿಯಾದರೆ, 'ಹಾಲು ಕಕ್ಕಿದೆ, ನಾಳೆ ನೋಡೋಣ' ಅನ್ನುವಂತಿಲ್ಲ; ಆಗಲೇ ಹೊರಡಬೇಕು. ಎಕ್ಸ್‌ರೇ ನೋಡುವುದು ವೈದ್ಯರ ಕೆಲಸ. ಮಗು ಅಲ್ಲಿಗೆ ತಲುಪುವಂತೆ ಮನೆಯವರಿಗೆ ತಿಳಿಸುವುದು ನಮ್ಮ ತರಗತಿಯಿಂದಲೂ ಆಗುತ್ತೆ. ಈ ವರ್ಷ ಚಿತ್ರ ಬರೆಸುವ ದಿನ ಎರಡು ನಿಮಿಷ ಇದಕ್ಕೂ ಕೊಡೋಣ.