ಕಾಲ್ಚೆಂಡಾಟದ ಬಲ ಹುಟ್ಟಿನದೋ, ಗಳಿಸಿದ್ದೋ?

ಕಾಲ್ಚೆಂಡಾಟದ ಕೌಶಲವು ರಕ್ತದಿಂದ ಬರುತ್ತದೆಂಬುವವರು ಬೆಂಗಳೂರು ಎಫ್‌ಸಿ ತಂಡದ ಸುನಿಲ್ ಛೆಟ್ರಿಯವರನ್ನು ತೋರಿಸುತ್ತಾರೆ. ಅವರ ತಾಯಿ ನೇಪಾಳದ ಮಹಿಳಾ ತಂಡದಲ್ಲಿ ಆಡಿದವರು, ನಿಜ. ಆದರೆ ನಿವೃತ್ತರಾದ ಮೇಲೂ 2025ರಲ್ಲಿ, ತಮ್ಮ 40ನೆಯ ವಯಸ್ಸಿನಲ್ಲಿ, ಮತ್ತೆ ದೇಶಕ್ಕಾಗಿ ಗೋಲು ಹೊಡೆದುದನ್ನು ರಕ್ತವೊಂದೇ ವಿವರಿಸಲಾರದು. ಆಹಾರದಲ್ಲಿ ಅವರ ಕಟ್ಟುನಿಟ್ಟು ಪ್ರಸಿದ್ಧವಾದುದು.

ಚರಕಸಂಹಿತೆಯು ಬಲವನ್ನು ಮೂರು ಬಗೆಯಾಗಿ ಹೇಳುತ್ತದೆ. ಹುಟ್ಟಿನಿಂದ ಬಂದುದು ಸಹಜ; ಋತು, ವಯಸ್ಸುಗಳಿಂದ ಬರುವುದು ಕಾಲಜ; ಆಹಾರ, ವ್ಯಾಯಾಮಗಳಿಂದ ಗಳಿಸುವುದು ಯುಕ್ತಿಕೃತ. ಶಾಲೆಗಳಲ್ಲಿ ತಂಡ ಆರಿಸುವವರು ಎಡವುವುದು ಎರಡನೆಯದರಲ್ಲಿ. ಒಂದೇ ತರಗತಿಯ ಇಬ್ಬರು ಮಕ್ಕಳ ನಡುವೆ 11 ತಿಂಗಳ ಅಂತರವಿರಬಹುದು. ಹತ್ತರ ಪ್ರಾಯದಲ್ಲಿ ಅದು ಸಣ್ಣ ಅಂತರವಲ್ಲ. ದೊಡ್ಡವನು ವೇಗವಾಗಿ ಓಡಿ ತಂಡ ಸೇರುತ್ತಾನೆ. ಚಿಕ್ಕವನಿಗೆ 'ಇವನಿಗೆ ಆಟ ಹುಟ್ಟಿಬಂದಿಲ್ಲ' ಎಂಬ ಮಾತು. ಯುರೋಪಿನ ತರಬೇತಿ ಕೇಂದ್ರಗಳಲ್ಲಿಯೂ ವಯೋಮಿತಿಯ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿ ಆಯ್ಕೆಯಾಗುವುದನ್ನು ಸಂಶೋಧಕರು ಕಂಡಿದ್ದಾರೆ.

ಸಹಜ ಬಲವನ್ನು ನಾವು ಅಲ್ಲಗಳೆಯೆವು; ಎಲ್ಲರೂ ಛೆಟ್ರಿಯಾಗಲಾರರು. ಆದರೆ ಹುಟ್ಟಿನಿಂದ ಯೋಗ್ಯತೆಯನ್ನು ಅಳೆಯದ ಶರಣಮಾರ್ಗದವರು ಮೈದಾನದಲ್ಲಿ ಮಾತ್ರ ಹಾಗೆ ಅಳೆಯುವುದು ನಮಗೆ ಒಪ್ಪಿತವಲ್ಲ. ಪಂಚನಹಳ್ಳಿಯ ಪೋಷಕರಲ್ಲಿ ನಮ್ಮ ವಿನಂತಿಯಿಷ್ಟೆ: ಹದಿನೈದು ತುಂಬುವವರೆಗೆ ಯಾವ ಮಗುವನ್ನೂ, ಹೆಣ್ಣುಮಕ್ಕಳನ್ನಂತೂ, ಆಟ ಬಿಡಿಸಬೇಡಿ. ರಾಗಿಮುದ್ದೆ, ಹುರುಳಿಕಾಳಿನ ಸಾರು, ಹಾಲು ಕೊಡಿ. ಪೇಟೆಯ ಪ್ರೋಟೀನ್ ಡಬ್ಬಿ ಬೇಡ. ವ್ಯಾಯಾಮವು ಅರ್ಧಬಲದಷ್ಟಿರಲಿ ಎನ್ನುತ್ತದೆ ಆಯುರ್ವೇದ. ಹಣೆ, ಕಂಕುಳು ಬೆವೆತು, ಬಾಯಿ ಒಣಗಿ, ಬಾಯಿಂದ ಉಸಿರಾಡತೊಡಗಿದ ಮಗುವನ್ನು ನೆರಳಿನಲ್ಲಿ ಕೂರಿಸಿ ನೀರು ಕೊಡಿ.