ಎಷ್ಟು ಜನರನ್ನ ಕೊಂದ್ರಿ ಅಂತ ಕೇಳೋದು ಬಿಡಿ

ಹೋದ ತಿಂಗಳು ಊರಿಗೆ ಹೋಗಿದ್ದೆ. ಊರು ಅಂದ್ರೆ ಮತ್ತೋಡು, ಹೊಸದುರ್ಗ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ. ಅಲ್ಲಿ ಮಾಜಿ ಸೈನಿಕರಿಗೆ ಸನ್ಮಾನ ಇಟ್ಟುಕೊಂಡಿದ್ದರು. ನಮ್ಮ ಸೋದರಮಾವನಿಗೂ ಶಾಲು, ಹಾರ, ಒಂದು ಬುಟ್ಟಿ ಹಣ್ಣು. ಎರಡು ನಿಮಿಷ ಮಾತಾಡಿ ಅಂತ ಮೈಕ್ ಕೊಟ್ಟರು. ಮಾವ "ನಾನಿದ್ದದ್ದು ನೇವಿಯಲ್ಲಿ, ಸಬ್‌ಮರೀನಲ್ಲಿ..." ಅಂತ ಶುರು ಮಾಡುವಷ್ಟರಲ್ಲಿ ಮುಖ್ಯ ಅತಿಥಿಗಳ ಕಾರು ಬಂತು. ಮೈಕ್ ಕೈಬದಲಾಯಿತು. ಅತಿಥಿಗಳು ಇಪ್ಪತ್ತೈದು ನಿಮಿಷ ಗಡಿ ಕಾಯುವ ಯೋಧರ ಬಗ್ಗೆ, ಹಿಮದ ಬಗ್ಗೆ ಮಾತಾಡಿದರು. ನಮ್ಮ ಮಾವ ಹದಿನೈದು ವರ್ಷದ ಸರ್ವೀಸಿನಲ್ಲಿ ಹಿಮ ನೋಡಿದವರೇ ಅಲ್ಲ. ಅವರು ಕೂತಿದ್ದು ಕಬ್ಬಿಣದ ಕೊಳವೆಯೊಳಗೆ, ನೀರಿನ ಕೆಳಗೆ, ಬೆವರು ಸುರಿಸಿಕೊಂಡು.

ಅವತ್ತು ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಈ ಪೋಸ್ಟ್. ಸಿಟ್ಟು ಆ ಅತಿಥಿಗಳ ಮೇಲಲ್ಲ. ನನ್ನ ಮೇಲೆ, ನಿಮ್ಮ ಮೇಲೆ, ಕನ್ನಡದಲ್ಲಿ ಬರೆಯೋ ನಮ್ಮೆಲ್ಲರ ಮೇಲೆ.

ಮೊದಲು ನನ್ನ ತಪ್ಪು ಒಪ್ಪಿಕೊಳ್ತೀನಿ. ಮಾವ 1989ರಲ್ಲಿ ನಿವೃತ್ತರಾಗಿ ಟ್ರಂಕು ಹೊತ್ತು ಊರಿಗೆ ಬಂದಾಗ ನಾನು ಹುಡುಗ. ಕೇಳಿದ ಮೊದಲ ಪ್ರಶ್ನೆ, "ಮಾವ, ಎಷ್ಟು ಜನರನ್ನ ಕೊಂದ್ರಿ?" ಮಾವ ನಕ್ಕು ಅಂದರು, "ನಾನು ಬ್ಯಾಟರಿ ನೋಡ್ಕೊಳ್ತಿದ್ದೆ ಕಣೋ." ನನಗೆ ಭಾರಿ ನಿರಾಸೆ. ಬ್ಯಾಟರಿನಾ? ನಮ್ಮ ಮನೇಲೂ ಟಾರ್ಚಿಗೆ ಬ್ಯಾಟರಿ ಇತ್ತಲ್ಲ! ಅಲ್ಲಿಂದ ಮುಂದೆ ಸುಮಾರು ಮೂವತ್ತು ವರ್ಷ ಏನನ್ನೂ ಕೇಳಲಿಲ್ಲ.

ಈಗ ಕೇಳೋಣ ಅಂದ್ರೆ ಅವರ ಎಡಗಿವಿ ಪೂರ್ತಿ ಹೋಗಿದೆ. ಇಸವಿಗಳು ಒಂದರ ಮೇಲೊಂದು ಬೀಳ್ತಿವೆ. ಬೆಳಿಗ್ಗೆ ಹೇಳಿದ್ದನ್ನ ಸಂಜೆ ಮತ್ತೆ ಹೇಳ್ತಾರೆ. ಇನ್ನೆಷ್ಟು ದಿನ ಅಂತ ನನಗೂ ಗೊತ್ತು, ಅವರಿಗೂ ಗೊತ್ತು.

ಸ್ವಲ್ಪ ಹಿನ್ನೆಲೆ ಹೇಳಿಬಿಡ್ತೀನಿ. ಭಾರತದ ಮೊದಲ ಸಬ್‌ಮರೀನು ಐಎನ್ಎಸ್ ಕಲ್ವರಿ ನೌಕಾಪಡೆಗೆ ಸೇರಿದ್ದು 1967ರ ಡಿಸೆಂಬರ್ 8ರಂದು, ಆಗ ಸೋವಿಯತ್ ಒಕ್ಕೂಟದಲ್ಲಿದ್ದ ರೀಗಾ ಬಂದರಿನಲ್ಲಿ. ಅದಕ್ಕೇ ಇವತ್ತಿಗೂ ಡಿಸೆಂಬರ್ 8 ಸಬ್‌ಮರೀನ್ ದಿನ. ಆಮೇಲೆ ಖಾಂದೇರಿ, ಕರಂಜ್, ಕುರ್ಸುರಾ. 1973-74ರಲ್ಲಿ ಇನ್ನೂ ನಾಲ್ಕು. ಒಟ್ಟು ಎಂಟು, ಎಲ್ಲವೂ ಫಾಕ್ಸ್‌ಟ್ರಾಟ್ ಜಾತಿಯವು. ಕೊನೆಯದು ಸೇವೆಯಿಂದ ಹೊರಬಿದ್ದದ್ದು 2010ರ ಡಿಸೆಂಬರಿನಲ್ಲಿ. ಒಂದೊಂದೂ ಸುಮಾರು 91 ಮೀಟರ್ ಉದ್ದ, ಒಳಗೆ ಎಪ್ಪತ್ತೈದರಷ್ಟು ಜನ. ಮೇಲಿದ್ದಾಗ ಡೀಸೆಲ್ ಎಂಜಿನ್, ಮುಳುಗಿದ ಮೇಲೆ ಬ್ಯಾಟರಿ. ಬ್ಯಾಟರಿ ಖಾಲಿಯಾದರೆ ಮತ್ತೆ ಮೇಲಕ್ಕೆ ಬಂದು, ಇಲ್ಲವೇ ಗಾಳಿ ಎಳೆಯೋ ಕೊಳವೆಯನ್ನಷ್ಟೇ ನೀರಿನಿಂದ ಹೊರಗೆ ಚಾಚಿ, ಎಂಜಿನ್ ಓಡಿಸಿ ಚಾರ್ಜ್ ಮಾಡಬೇಕು. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಡುತ್ತೆ. ಅದು ಹೆಚ್ಚಾದಾಗ ಒಂದು ಕಿಡಿ ಸಾಕು. ಹಾಗಾಗಿ "ಬ್ಯಾಟರಿ ನೋಡ್ಕೊಳ್ತಿದ್ದೆ" ಅಂದ್ರೆ ಎಪ್ಪತ್ತೈದು ಜನರ ಜೀವ ನೋಡ್ಕೊಳ್ತಿದ್ದೆ ಅಂತ. ಇದು ನನಗೆ ಅರ್ಥ ಆಗೋಕೆ ಮೂವತ್ತು ವರ್ಷ ಹಿಡೀತು.

ಸನ್ಮಾನದ ಮಾರನೇ ದಿನ ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿ ಬಲಗಿವಿಯ ಕಡೆ ಕೂತೆ. "ಮಾವ, ಒಳಗೆ ವಾಸನೆ ಹೆಂಗಿರ್ತಿತ್ತು?" ಅಂತ ಕೇಳಿದೆ. ಅಷ್ಟೇ. ನಲವತ್ತು ನಿಮಿಷ ಮಾತು ನಿಲ್ಲಲಿಲ್ಲ.

ಡೀಸೆಲ್, ಬೆವರು, ಬೇಯಿಸಿದ ಎಲೆಕೋಸು, ಎಲ್ಲ ಸೇರಿದ ಒಂದು ವಾಸನೆಯಂತೆ. ಎಷ್ಟು ಒಗೆದರೂ ಬಟ್ಟೆಯಿಂದ ಹೋಗುತ್ತಿರಲಿಲ್ಲ. ಕುಡಿಯೋ ನೀರೇ ಲೆಕ್ಕ ಇಟ್ಟು ಕೊಡುತ್ತಿದ್ದಾಗ ಸ್ನಾನ ಎಲ್ಲಿಂದ? ಒಬ್ಬ ಡ್ಯೂಟಿಗೆ ಎದ್ದ ಹಾಸಿಗೆಯಲ್ಲೇ ಇನ್ನೊಬ್ಬ ಮಲಗೋದು, ಬಿಸಿ ಇನ್ನೂ ಆರಿರುತ್ತಿರಲಿಲ್ಲ. "ಅಲ್ಲಿ ಹಗಲೂ ಇಲ್ಲ ರಾತ್ರಿನೂ ಇಲ್ಲ ಕಣಪ್ಪ. ಮೇಲೆ ರಾತ್ರಿ ಆದ್ರೆ ಒಳಗೆ ಕೆಂಪು ಲೈಟು ಹಾಕೋರು, ಅದೇ ಗುರುತು." ಸಬ್‌ಮರೀನು ಮುಳುಗಿದರೆ ಹೊರಗೆ ಬರೋಕೆ ಟಾರ್ಪಿಡೋ ಕೊಳವೆಯೊಳಗೆ ತೆವಳಬೇಕಂತೆ. ಅದರ ಅಗಲ 53 ಸೆಂಟಿಮೀಟರು. ನಮ್ಮ ಮನೆ ಹಗೇವಿನ ಬಾಯಿ ಅದಕ್ಕಿಂತ ದೊಡ್ಡದಿತ್ತು ಅಂದರು.

ಎಷ್ಟೋ ದಿನ ಆದಮೇಲೆ ಮೇಲೆ ಬಂದು ಬಾಗಿಲು ತೆಗೆದಾಗ ಒಳ್ಳೆ ಗಾಳಿಯೇ ವಾಸನೆ ಹೊಡೆಯುತ್ತಿತ್ತಂತೆ, ತಲೆ ಸುತ್ತುತ್ತಿತ್ತಂತೆ. ಹಾಗೊಂದು ಸಲ ದಡಕ್ಕೆ ಬಂದಾಗ ಒಂದು ತಂತಿ ಕಾಯುತ್ತಿತ್ತು. ನಮ್ಮಜ್ಜ ತೀರಿಕೊಂಡು ಇಪ್ಪತ್ತು ದಿನ ಆಗಿತ್ತು. ಮಾವ ಒಬ್ಬನೇ ಮಗ. ಊರಿನಲ್ಲಿ ತಿಥಿಯೂ ಮುಗಿದಿತ್ತು. "ಅಪ್ಪ ಹೋದ ದಿನ ನಾನು ಏನ್ ಮಾಡ್ತಿದ್ದೆ ಅಂತ ಲೆಕ್ಕ ಹಾಕಿದೆ. ಗೊತ್ತಾಗ್ಲಿಲ್ಲ. ಅಲ್ಲಿ ದಿನ ಅನ್ನೋದೇ ಇರ್ಲಿಲ್ಲವಲ್ಲ."

ಇದನ್ನ ಅವರು ಯಾರಿಗೂ ಹೇಳಿರಲಿಲ್ಲ. ನಮ್ಮಮ್ಮನಿಗೂ. ಯಾರೂ ಕೇಳಿರಲಿಲ್ಲ, ಅಷ್ಟೇ.

ಈಗ ನಿಮ್ಮ ತಕರಾರುಗಳಿಗೆ ಬರ್ತೀನಿ. ಯಾಕಂದ್ರೆ ಈ ವಿಷಯ ಎತ್ತಿದಾಗಲೆಲ್ಲ ಗೆಳೆಯರು ಮೂರು ಮಾತು ಹೇಳ್ತಾರೆ.

ಒಂದು, "ಅದೆಲ್ಲ ರಕ್ಷಣಾ ಇಲಾಖೆಯ ಗುಟ್ಟು, ಬರೀಬಾರದು." ಸ್ವಾಮಿ, ಐಎನ್ಎಸ್ ಕುರ್ಸುರಾ 2001ರಲ್ಲಿ ನಿವೃತ್ತಿಯಾಗಿ, 2002ರಿಂದ ವಿಶಾಖಪಟ್ಟಣದ ಆರ್.ಕೆ. ಬೀಚಿನಲ್ಲಿ ಮ್ಯೂಸಿಯಂ ಆಗಿ ನಿಂತಿದೆ. ಟಿಕೆಟ್ ತಗೊಂಡು ಯಾರು ಬೇಕಾದರೂ ಒಳಗೆ ಹೋಗಬಹುದು. ಒಳಗೆ ವಿವರಿಸೋಕೆ ನಿವೃತ್ತ ನೌಕಾಪಡೆಯವರೇ ಇರ್ತಾರೆ. ಅಲ್ಲಿ ಗುಟ್ಟಲ್ಲದ್ದು ಮತ್ತೋಡಿನ ಜಗಲಿ ಮೇಲೆ ಗುಟ್ಟಾಗೋದು ಹೇಗೆ? ನಿಜವಾಗಿ ಹೇಳಬಾರದ್ದು ಇರುತ್ತೆ, ಒಪ್ತೀನಿ. ಅದು ಅವರಿಗೇ ಚೆನ್ನಾಗಿ ಗೊತ್ತು. ಎರಡು ಕಡೆ ಮಾವನೇ "ಅದು ಬೇಡ ಬಿಡು" ಅಂದರು. ಬಿಟ್ಟೆ. ಎಲೆಕೋಸಿನ ವಾಸನೆ ಯಾವ ದೇಶದ ಗುಟ್ಟೂ ಅಲ್ಲ.

ಎರಡು, "ಈಗಾಗಲೇ ಬೇಕಾದಷ್ಟು ಪುಸ್ತಕ ಇವೆಯಲ್ಲ?" ಇವೆ. 1971ರ ಯುದ್ಧದ ಬಗ್ಗೆ ಅಡ್ಮಿರಲ್ ಕೋಹ್ಲಿ ಬರೆದರು, ವೈಸ್ ಅಡ್ಮಿರಲ್ ಕೃಷ್ಣನ್ ಬರೆದರು. ಎಲ್ಲ ಇಂಗ್ಲಿಷಿನಲ್ಲಿ, ಎಲ್ಲ ಸೇತುವೆ ಮೇಲೆ ನಿಂತು ಅಪ್ಪಣೆ ಕೊಟ್ಟವರ ಕಣ್ಣಿಂದ. ತಪ್ಪಲ್ಲ, ಅವರ ಕೆಲಸ ಅದು. ಆದರೆ ಅಪ್ಪಣೆ ಪಾಲಿಸಿದ ನಾವಿಕ ಏನು ಕಂಡ? ಅಡುಗೆಯವನು? ಬ್ಯಾಟರಿಯವನು? ಅವರು ಬರೆಯೋರಲ್ಲ. ನಾವು ಬರೆದುಕೊಳ್ಳಬೇಕು, ಅವರು ಮಾತಾಡೋ ಭಾಷೆಯಲ್ಲೇ. ಪತ್ರಿಕೆಯವರು 'ಜಲಾಂತರ್ಗಾಮಿ' ಅಂತಾರೆ. ಮಾವ ಒಂದು ಸಲವೂ ಆ ಪದ ಬಳಸಲಿಲ್ಲ. ಅವರಿಗೆ ಅದು 'ಬೋಟು'.

ಮೂರನೆಯದು ನನಗೆ ಅತಿ ಹೆಚ್ಚು ಉರಿಸೋದು. "ಸಿನಿಮಾ ಬಂದಿದೆಯಲ್ಲ, ನೋಡಿದ್ದೀವಿ!" 2017ರಲ್ಲಿ ಘಾಜಿ ಸಿನಿಮಾ ಬಂತು. ಅದರಲ್ಲಿ ನಮ್ಮ ಸಬ್‌ಮರೀನೇ ಪಾಕಿಸ್ತಾನದ ಘಾಜಿಯನ್ನ ಮುಳುಗಿಸುತ್ತೆ. ನಮ್ಮ ಸಂಬಂಧಿ ಹುಡುಗನೊಬ್ಬ ಮಾವನಿಗೇ ಇದನ್ನ ಪಾಠ ಹೇಳಿದ. ಮಾವ "ಹಂಗಲ್ಲಪ್ಪ, ನಮ್ಮ ನೇವಿ ಹೇಳೋದು ರಜಪೂತ್ ಅನ್ನೋ ಹಡಗಿನ ಹೆಸರು" ಅಂದರೆ, "ನಿಮಗೆ ಗೊತ್ತಿಲ್ಲ, ಅದನ್ನ ಮುಚ್ಚಿಟ್ಟಿದ್ರು" ಅಂದ! ನೌಕಾಪಡೆ ಹೇಳೋದು ಐಎನ್ಎಸ್ ರಜಪೂತ್ ಎಸೆದ ಸ್ಫೋಟಕಗಳಿಂದ ಅಂತ. ಪಾಕಿಸ್ತಾನ ಹೇಳೋದು ಒಳಗೇ ಆದ ಸ್ಫೋಟ ಅಂತ. ಎರಡರಲ್ಲೂ ಸಿನಿಮಾದ ಕಥೆ ಇಲ್ಲ. ಅದರಲ್ಲಿದ್ದ ತೊಂಬತ್ತಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ವಿಶಾಖಪಟ್ಟಣದ ಹೊರಗೆ ಸಮುದ್ರದ ತಳದಲ್ಲಿದ್ದಾರೆ. ಮಾವ ಹಲವು ಸಲ ಆ ನೀರಿನಲ್ಲೇ ಹೋಗಿ ಬಂದವರು. ಘಾಜಿ ಮಾತು ಬಂದಾಗ ಅವರು ಚಪ್ಪಾಳೆ ತಟ್ಟಲ್ಲ. ಸುಮ್ಮನಾಗ್ತಾರೆ. ಅದೇ ತಿಂಗಳ 9ರಂದು ಪಾಕಿಸ್ತಾನದ ಸಬ್‌ಮರೀನು ನಮ್ಮ ಖುಕ್ರಿಯನ್ನ ಮುಳುಗಿಸಿ 194 ಜನ ಹೋದರಲ್ಲ, ಆ ಮಾತಿಗೂ ಹಾಗೇ ಸುಮ್ಮನಾಗ್ತಾರೆ. ಆ ಮೌನ ಯಾವ ಸಿನಿಮಾದಲ್ಲಿದೆ, ಹೇಳಿ?

2013ರ ಆಗಸ್ಟ್ 14ರಂದು ಮುಂಬೈ ಬಂದರಿನಲ್ಲಿ ಸಿಂಧುರಕ್ಷಕ್ ಸಿಡಿದು 18 ಜನ ತೀರಿಕೊಂಡಾಗ ಮಾವ ಟೀವಿ ಮುಂದಿಂದ ಏಳಲಿಲ್ಲ. ಆರು ತಿಂಗಳಿಗೆ ಸಿಂಧುರತ್ನದಲ್ಲಿ ಹೊಗೆ ತುಂಬಿ ಇಬ್ಬರು ಅಧಿಕಾರಿಗಳು ಸತ್ತರು, ನೌಕಾಪಡೆಯ ಮುಖ್ಯಸ್ಥ ಡಿ.ಕೆ. ಜೋಶಿ ಅವತ್ತೇ ರಾಜೀನಾಮೆ ಕೊಟ್ಟರು. ಚಾನೆಲ್ಲುಗಳಲ್ಲಿ ಎಲ್ಲರೂ ಕಿರುಚಾಡಿದರು. ಒಳಗೆ ಹೊಗೆ ತುಂಬಿದರೆ ಹೆಂಗಿರುತ್ತೆ ಅಂತ ಬಲ್ಲ ಒಬ್ಬರು ನಮ್ಮೂರಲ್ಲಿ ಚಾಪೆ ಮೇಲೆ ಕೂತಿದ್ದರು. ನಾನು ಫೋನ್ ಮಾಡಿ ಕೇಳಿದ್ದು ತೆಂಗಿನಕಾಯಿ ರೇಟು!

"ಬಯಲುಸೀಮೆಯವರಿಗೂ ಸಮುದ್ರಕ್ಕೂ ಏನು ಸಂಬಂಧ?" ಅಂತಲೂ ಒಬ್ಬರು ಕೇಳಿದರು. ನಿಜ, ನಮಗೆ ಗೊತ್ತಿದ್ದ ಸಾಗರ ಒಂದೇ, ಮಾರಿಕಣಿವೆಯ ವಾಣಿವಿಲಾಸ ಸಾಗರ :-) ಅದೂ 1933ರ ಮೇಲೆ ಮತ್ತೆ ಕೋಡಿ ಬೀಳೋಕೆ 2022 ಬರಬೇಕಾಯಿತು. ಮಾವ ಈಜು ಕಲಿತದ್ದು ತೋಟದ ಬಾವಿಯಲ್ಲಿ. ಅಂಥವರು ಸಮುದ್ರದೊಳಗೆ ಬದುಕು ಕಳೆದದ್ದೇ ಬರೆಯೋ ವಿಷಯ ಅಲ್ಲವಾ?

ಕೊನೆಗೆ ನಮ್ಮೂರಿನದೇ ಒಂದು ಉದಾಹರಣೆ. ಮತ್ತೋಡಿನಲ್ಲಿ ಒಂದು ಕಾಲಕ್ಕೆ ಗಾಜಿನ ಬಳೆ ಮಾಡುತ್ತಿದ್ದರು. ಕುಲುಮೆಗಳಿದ್ದವು. ಇವತ್ತು ಅದರ ಬಗ್ಗೆ ತಿಳಿಯಬೇಕಂದ್ರೆ 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಬರೆದದ್ದನ್ನ ಓದಬೇಕು. ಯಾರೋ ಸ್ಕಾಟ್ಲೆಂಡಿನವನು ಇಲ್ಲಿಗೆ ಬಂದು ಕುಲುಮೆ ನೋಡಿ ಬರೆದುಕೊಂಡು ಹೋದ. ಆ ಬೆಂಕಿ ಮುಂದೆ ಕೂತವನ ಕೈ ಎಷ್ಟು ಸಲ ಸುಟ್ಟಿತು, ಅವನ ಹೆಂಡತಿ ಏನಂದಳು, ಯಾರೂ ಬರೆಯಲಿಲ್ಲ. ಊರಿನವರಿಗೆ ಅದು ದಿನಾ ನೋಡೋ ಕೆಲಸ, ಅದರಲ್ಲೇನಿದೆ ಅನ್ನಿಸಿತ್ತು. ಕುಲುಮೆ ಆರಿತು, ಮಾತೂ ಆರಿತು. ಈಗ ಮಾವನ ವಿಷಯದಲ್ಲೂ ನಾವು ಮಾಡ್ತಿರೋದು ಅದನ್ನೇ.

ಅವರ ನೆನಪೆಲ್ಲ ಸರಿ ಅಂತ ನಾನು ಹೇಳ್ತಿಲ್ಲ. ಇಸವಿ ತಪ್ಪುತ್ತೆ, ಕಥೆ ಸ್ವಲ್ಪ ಊದಿರುತ್ತೆ. ಇಸವಿಯನ್ನ ನಾವು ಹುಡುಕಿ ತಿದ್ದಬಹುದು. ಇಪ್ಪತ್ತು ದಿನ ತಡವಾಗಿ ಸಿಕ್ಕಿದ ತಂತಿಯನ್ನ ಎಲ್ಲಿ ಹುಡುಕ್ತೀರಿ?

ಹಾಗಾಗಿ ಗೆಳೆಯರೇ, ಕವನ ಒಂದು ವಾರ ತಡೆದುಕೊಳ್ಳುತ್ತೆ. ನಿಮ್ಮ ಊರಲ್ಲೂ ಒಬ್ಬರು ಇದ್ದೇ ಇರ್ತಾರೆ. ಶಾಲು ಬೇಡ. ಕಿವಿ ಕೇಳೋ ಕಡೆ ಕೂತ್ಕೊಳ್ಳಿ. ಎಷ್ಟು ಜನರನ್ನ ಕೊಂದ್ರಿ ಅಂತ ಮಾತ್ರ ಕೇಳಬೇಡಿ. ಏನು ಊಟ ಮಾಡ್ತಿದ್ರಿ, ಎಲ್ಲಿ ಮಲಗ್ತಿದ್ರಿ, ಮನೆಯಿಂದ ಕಾಗದ ಯಾವಾಗ ಬರ್ತಿತ್ತು, ಇಷ್ಟು ಕೇಳಿ ಸಾಕು.

ನಾನು ಮುಂದಿನ ಶನಿವಾರ ಮತ್ತೆ ಊರಿಗೆ ಹೋಗ್ತಿದ್ದೀನಿ. ಹೊರಡುವಾಗ ಮಾವ ಕೇಳಿದ್ದರು, "ಆ ಫೋನಿನಲ್ಲಿ ಇನ್ನೂ ಜಾಗ ಐತಾ?"

ಇದೆ ಮಾವ.