ನಿಯಮ ಯಾರ ಹೆಗಲಿಗೆ?

'ಯುನೈಟೆಡ್ ಸಿನಗಾಗ್ ಯೂತ್' ಅಮೆರಿಕದ ಯಹೂದಿ ಹೈಸ್ಕೂಲು ಮಕ್ಕಳ ಸಂಘಟನೆ. 2014ರ ಡಿಸೆಂಬರಿನಲ್ಲಿ ಅಟ್ಲಾಂಟಾದಲ್ಲಿ ಸೇರಿದ್ದ ಅದರ ಎಳೆಯ ಮುಖಂಡರು ತಮ್ಮದೇ ಒಂದು ನಿಯಮವನ್ನು ಸಡಿಲಿಸಿಕೊಂಡರು. ಪದಾಧಿಕಾರಿಗಳು ಯಹೂದಿಗಳಲ್ಲದವರ ಜೊತೆ ಡೇಟಿಂಗ್ ಮಾಡಕೂಡದು ಎಂದಿದ್ದದ್ದು, ಸಮುದಾಯದೊಳಗಿನ ಡೇಟಿಂಗಿನ ಮಹತ್ವ ಅರಿತು ಉಳಿದವರಿಗೆ ಮಾದರಿಯಾಗಲು ಯತ್ನಿಸಬೇಕು ಎಂದಾಯಿತು. ಹಿರಿಯರಲ್ಲಿ ಹಲವರಿಗೆ ಇದು ಹಿಡಿಸಲಿಲ್ಲ.

ಆ ಹಿರಿಯರನ್ನು ಸಂಕುಚಿತ ಮನಸ್ಸಿನವರೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಸಮುದಾಯವೇ ಕರಗಿಹೋದೀತು ಎಂಬ ಅವರ ಆತಂಕಕ್ಕೆ ಕಾರಣಗಳಿವೆ. ನಾಜಿಗಳು 60 ಲಕ್ಷ ಯಹೂದಿಗಳನ್ನು ಕೊಂದರು. ಜಗತ್ತಿನ ಯಹೂದಿ ಜನಸಂಖ್ಯೆ ಇವತ್ತಿಗೂ 1939ರ ಮಟ್ಟಕ್ಕೆ ಮರಳಿಲ್ಲ. ಪ್ಯೂ ಸಂಶೋಧನಾ ಕೇಂದ್ರದ 2020ರ ಸಮೀಕ್ಷೆಯ ಪ್ರಕಾರ, 2010ರ ನಂತರ ಮದುವೆಯಾದ ಅಮೆರಿಕನ್ ಯಹೂದಿಗಳಲ್ಲಿ 61% ಮಂದಿಯ ಸಂಗಾತಿ ಯಹೂದಿಯಲ್ಲ. ಅಜ್ಜಿಯ ಕಣ್ಣಿಗೆ ಮೊಮ್ಮಗಳ ಪ್ರೇಮದ ಹಿಂದೆ ಈ ಲೆಕ್ಕವೆಲ್ಲ ಕಾಣುತ್ತದೆ. ಮೊಮ್ಮಗಳಿಗೆ ಕಾಣುವುದು ಕೆಮಿಸ್ಟ್ರಿ ಲ್ಯಾಬಿನಲ್ಲಿ ಪಕ್ಕದಲ್ಲಿ ನಿಲ್ಲುವ ಹುಡುಗ.

ಧರ್ಮವೆಂದರೆ ಬರೀ ನಂಬಿಕೆಯೂ ಅಲ್ಲ. ಸೂರ್ಯಾಸ್ತಕ್ಕೆ 18 ನಿಮಿಷ ಮೊದಲು ಮೇಣದಬತ್ತಿ ಹಚ್ಚಿ, ದ್ರಾಕ್ಷಾರಸದ ಬಟ್ಟಲು ಹಿಡಿದು ಪ್ರಾರ್ಥನೆ ಹೇಳಿ, ಜಡೆಯಂತೆ ಹೆಣೆದ ಖಲ್ಲಾ ಬ್ರೆಡ್ಡನ್ನು ಹಂಚಿ ತಿನ್ನುತ್ತ ಸಬ್ಬತ್ ಎಂಬ ವಾರದ ವಿಶ್ರಾಂತಿ ದಿನವನ್ನು ಬರಮಾಡಿಕೊಳ್ಳುವ ಶುಕ್ರವಾರದ ಸಂಜೆ ಅದು. ಅಮೆರಿಕದ ಹೈಸ್ಕೂಲುಗಳ ಫುಟ್‌ಬಾಲ್ ಪಂದ್ಯ ನಡೆಯುವುದೂ ಸಾಮಾನ್ಯವಾಗಿ ಶುಕ್ರವಾರ ರಾತ್ರಿಯೇ. ಇಂಥದೇ ಮನೆಯ ಹುಡುಗ ಜೊತೆಗಿದ್ದರೆ ಆ ಸಂಜೆ ಪಂದ್ಯಕ್ಕೆ ಯಾಕೆ ಬರಲಾಗದು ಎಂದು ಬಿಡಿಸಿ ಹೇಳಬೇಕಿಲ್ಲ. ನಿಯಮದ ಪರ ಇರುವವರ ಗಟ್ಟಿ ವಾದ ಇದೇ ಎಂದು ನನಗನಿಸುತ್ತದೆ. ರಕ್ತ, ವಂಶದ ಮಾತೆಲ್ಲ ಇದರ ಮುಂದೆ ಸಪ್ಪೆ.

ತೊಡಕಿರುವುದು ಮನೆಯೇ ಬದಲಾದಾಗ. ಅಪ್ಪ ಅಮ್ಮ ಬೇರೆಯಾಗಿದ್ದಾರೆ, ಅಮ್ಮ ಕ್ರೈಸ್ತನೊಬ್ಬನನ್ನು ಮದುವೆಯಾಗಿದ್ದಾಳೆ ಎಂದಿಟ್ಟುಕೊಳ್ಳಿ. ಒಂದು ವಾರ ಅಪ್ಪನ ಮನೆಯ ಸಬ್ಬತ್, ಮುಂದಿನ ವಾರ ಮಲತಂದೆಯ ಮನೆಯ ಕ್ರಿಸ್‌ಮಸ್ ಮರ. ಅಂಥ ಹುಡುಗಿಗೆ 'ಹೊರಗಿನವನ ಸಹವಾಸ ಬೇಡ' ಎಂದರೆ, ಅದನ್ನು ಪಾಲಿಸುವುದು ಅಮ್ಮನನ್ನೇ ತಪ್ಪಿತಸ್ಥಳೆಂದು ಒಪ್ಪಿಕೊಂಡಂತೆ. ಅಂತರ್‌ಧರ್ಮೀಯ ಮನೆಗಳಿಂದ ಬಂದ ಸದಸ್ಯರಿಗೆ ನೋವಾಗಬಾರದು ಎಂಬುದು 2014ರ ಬದಲಾವಣೆಗೆ ಕೊಟ್ಟ ಕಾರಣಗಳಲ್ಲೊಂದು.

ಇನ್ನು 'ಒಳಗಿನವರು' ಯಾರು ಎಂಬುದಕ್ಕೇ ಒಮ್ಮತವಿಲ್ಲ. ಆರ್ಥಡಾಕ್ಸ್ ಮತ್ತು ಕನ್ಸರ್ವೇಟಿವ್ ಪಂಥಗಳಲ್ಲಿ ತಾಯಿ ಯಹೂದಿಯಾಗಿದ್ದರಷ್ಟೇ ಮಗು ಹುಟ್ಟಿನಿಂದ ಯಹೂದಿ. ತಂದೆ ಮಾತ್ರ ಯಹೂದಿಯಾಗಿದ್ದರೂ, ಮಗು ಆ ಧರ್ಮದಲ್ಲೇ ಬೆಳೆದರೆ ಸಾಕು ಎಂದು ಅಮೆರಿಕದ ರಿಫಾರ್ಮ್ ಪಂಥದ ಧರ್ಮಗುರುಗಳು (ರಬ್ಬಿಗಳು) 1983ರಲ್ಲಿ ಒಪ್ಪಿದರು. ಹೀಗಾಗಿ ತಂದೆ ಮಾತ್ರ ಯಹೂದಿಯಾಗಿದ್ದು, ತನ್ನ ಸಿನಗಾಗಿನಲ್ಲಿ (ಪ್ರಾರ್ಥನಾ ಮಂದಿರದಲ್ಲಿ) ಹಿಬ್ರೂ ಕಲಿತು, ಪ್ರಾಯಕ್ಕೆ ಬಂದ ಹುಡುಗಿಯರ ಬಾತ್ ಮಿಟ್ಸ್ವಾ ವಿಧಿ ಮುಗಿಸಿ, ಎಲ್ಲರೆದುರು ಧರ್ಮಗ್ರಂಥ ತೋರಾ ಓದಿದ ಹುಡುಗಿ ಪಕ್ಕದ ಬೀದಿಯ ಕನ್ಸರ್ವೇಟಿವ್ ಸಿನಗಾಗಿಗೆ ಹೊರಗಿನವಳು. ಅವಳನ್ನು ಮೆಚ್ಚಿದ ಕನ್ಸರ್ವೇಟಿವ್ ಹುಡುಗ ನಿಯಮ ಪಾಲಿಸಿದನೋ ಮುರಿದನೋ? ದೊಡ್ಡವರೇ ಬಗೆಹರಿಸಿಕೊಳ್ಳದ ವ್ಯಾಜ್ಯವಿದು. ಅದನ್ನು ಹದಿನಾರರ ಪ್ರಾಯದವರ ತಲೆಗೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ.

ಹಾಗೆಂದು ಸಡಿಲಿಕೆ ಎಲ್ಲವನ್ನೂ ನೇರ್ಪಡಿಸುವುದಿಲ್ಲ. 'ನಮ್ಮಲ್ಲಿ ಹಾಗಿಲ್ಲ' ಎಂಬ ಖಡಾಖಂಡಿತ ನಿಯಮ ಎಳೆಯರಿಗೆ ಒಂದು ಆಸರೆಯೂ ಹೌದು. ಪ್ರತಿಸಲ ಹೊಸದಾಗಿ ತೀರ್ಮಾನಿಸುವ ಕಷ್ಟ ಅದರಿಂದ ತಪ್ಪುತ್ತದೆ. 'ಮಹತ್ವ ಅರಿಯಿರಿ' ಎಂಬ ಮೃದು ಮಾತು ಹೊರೆಯನ್ನು ಇಳಿಸುವುದಿಲ್ಲ, ಮಕ್ಕಳ ಮನಸ್ಸಾಕ್ಷಿಗೆ ವರ್ಗಾಯಿಸುತ್ತದೆ. ಅದೇ ಪ್ಯೂ ಸಮೀಕ್ಷೆಯಲ್ಲಿ ತಂದೆತಾಯಿಯರಲ್ಲಿ ಒಬ್ಬರು ಮಾತ್ರ ಯಹೂದಿಯಾಗಿದ್ದ ವಿವಾಹಿತ ಯಹೂದಿಗಳ ಪೈಕಿ 82% ಮಂದಿಯ ಸಂಗಾತಿ ಯಹೂದಿಯಲ್ಲ. ಇಬ್ಬರೂ ಯಹೂದಿಯಾಗಿದ್ದವರಲ್ಲಿ ಅದು 34%. ಹಿರಿಯರ ಆತಂಕಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ. ಆದರೆ ಒಬ್ಬರೇ ಯಹೂದಿ ಪೋಷಕರಿದ್ದವರನ್ನು ನೋಡಿದರೆ, ಐವತ್ತು ದಾಟಿದವರಿಗಿಂತ ಕಿರಿಯರಲ್ಲಿ ತಾವು ಯಹೂದಿಗಳೆಂದು ಹೇಳಿಕೊಳ್ಳುವವರು ಹೆಚ್ಚು ಎಂಬುದೂ ಅಲ್ಲಿಯೇ ದಾಖಲಾಗಿದೆ.

ಎರಡನ್ನೂ ತೂಗಿದರೆ ನನ್ನ ಒಲವು 2014ರ ಮಾತಿನ ಕಡೆಗೇ, ಒಂದು ಷರತ್ತಿನ ಮೇಲೆ: ಮಹತ್ವ ತೋರಿಸುವ ಕೆಲಸ ಮೊದಲು ದೊಡ್ಡವರದಾಗಲಿ. ಮಗಳ ಗೆಳೆಯನ ಧರ್ಮ ವಿಚಾರಿಸುವ ಅಪ್ಪ ಶುಕ್ರವಾರ ಎಷ್ಟು ಹೊತ್ತಿಗೆ ಆಫೀಸಿನಿಂದ ಮನೆಗೆ ಬರುತ್ತಾನೆ ಎಂದು ಕೇಳುವ ಹಕ್ಕು ಮಗಳಿಗೂ ಇದೆ.